ಲಾಗ್‌ಬುಕ್‌ಗೆ ಇನ್ನೆರಡು ಕಾಲಂ ಸೇರಿಸಿ: ಕಾರ್ನಿಯಾ ಫೆಲೋಶಿಪ್ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಕಾರ್ನಿಯಾ ಮತ್ತು ರಿಫ್ರ್ಯಾಕ್ಟಿವ್ (ಕನ್ನಡಕ ಬಿಡಿಸುವ) ಸರ್ಜರಿಯ ಫೆಲೋಶಿಪ್ ನಡೆಸುವ ಎಲ್ಲ ಹಿರಿಯರಿಗೆ,

ನಮಸ್ಕಾರ.

ಸುತ್ತಿ ಬಳಸಿ ಹೇಳುವುದಿಲ್ಲ. ನಿಮ್ಮ ಫೆಲೋಗಳು, ಅಂದರೆ ಕಣ್ಣಿನ ಡಾಕ್ಟರ್ ಆದ ಮೇಲೂ ಈ ಸರ್ಜರಿ ಕಲಿಯಲು ಬರುವ ಯುವಕರು, ತಾವು ಮಾಡಿದ ಕೇಸ್ ಬರೆದು ತುಂಬುವ ಲಾಗ್‌ಬುಕ್‌ನಲ್ಲಿ ಎರಡು ಕಾಲಂ ಕಡಿಮೆ ಇವೆ. ಒಂದು, "ಬೇಡ ಅಂದಿದ್ದು", ಅಂದರೆ ಸರ್ಜರಿ ಬೇಡ ಅಂತ ತೀರ್ಮಾನಿಸಿದ ಕಣ್ಣುಗಳು. ಇನ್ನೊಂದು, "ಒಂದು ವರ್ಷದ ನಂತರ", ಅಂದರೆ ಸರ್ಜರಿ ಮಾಡಿದ ಕಣ್ಣು ಆಮೇಲೆ ಹೇಗಿದೆ ಅನ್ನುವುದು. ಇವೆರಡನ್ನು ದಯವಿಟ್ಟು ಸೇರಿಸಿ. ನನ್ನ ಬೇಡಿಕೆ ಇಷ್ಟೇ. ಇದನ್ನು ನಿಮ್ಮಲ್ಲಿ ಒಬ್ಬೊಬ್ಬರಿಗೆ ಫೋನ್ ಮಾಡಿಯೂ ಹೇಳಬಹುದಿತ್ತು. ಕೆಲವರಿಗೆ ಹೇಳಿದ್ದೇನೆ ಕೂಡ. "ಒಳ್ಳೆ ಐಡಿಯಾ, ನೋಡೋಣ" ಅಂದರು. ನೋಡೋಣ ಅಂದದ್ದು ಎಲ್ಲಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಾವು ಯಾರ ಕಣ್ಣಿನ ಮೇಲೆ ಕಲಿಯುತ್ತೇವೋ ಅವರೂ ಓದಲಿ.

ಕೆಲವು ತಿಂಗಳ ಹಿಂದೆ ಒಬ್ಬ ಯುವ ಡಾಕ್ಟರ್ ನಮ್ಮಲ್ಲಿ ಕೆಲಸ ಕೇಳಿಕೊಂಡು ಬಂದಿದ್ದರು. ಫೆಲೋಶಿಪ್ ಮುಗಿಸಿ ಇನ್ನೂ ಹದಿನೈದು ದಿನ ಆಗಿರಲಿಲ್ಲ. ಲಾಗ್‌ಬುಕ್ ಮೇಜಿನ ಮೇಲಿಟ್ಟರು. ಅಚ್ಚುಕಟ್ಟಾದ ಪುಸ್ತಕ. ಪೂರ್ತಿ ದಪ್ಪದ ಕಾರ್ನಿಯಾ ಕಸಿ ಇಷ್ಟು, ಒಳಪದರ ಮಾತ್ರ ಬದಲಿಸುವ ಡಿಸೆಕ್ ಇಷ್ಟು, ಡಿಮೆಕ್ ಇಷ್ಟು, ಲೇಸರಿನಿಂದ ಕನ್ನಡಕ ಬಿಡಿಸುವ ಲೇಸಿಕ್ ಇಷ್ಟು, ಸ್ಮೈಲ್ ಇಷ್ಟು. ಪ್ರತಿ ಸಾಲಿನ ಕೊನೆಯಲ್ಲಿ ಗುರುಗಳ ಸಹಿ. ನಾನು ಸುಮ್ನೆ ಒಂದು ಕಸಿಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದೆ: "ಈ ಗ್ರಾಫ್ಟ್ ಈಗ ಹೇಗಿದೆ?"

ಅವರು ನನ್ನ ಮುಖ ನೋಡಿದರು. "ಗೊತ್ತಿಲ್ಲ ಸರ್. ಅಷ್ಟರಲ್ಲಿ ನನ್ನನ್ನು ಲೇಸರ್ ಕಡೆಗೆ ಹಾಕಿದ್ದರು."

ಇನ್ನೊಂದು ಸಾಲು ತೋರಿಸಿದೆ. ಅದೂ ಗೊತ್ತಿಲ್ಲ. ಮೂರನೆಯದನ್ನು ಕೇಳಲು ಮನಸ್ಸಾಗಲಿಲ್ಲ. ಅವರನ್ನು ಬೈಯುವ ಹಾಗೂ ಇರಲಿಲ್ಲ, ಏಕೆಂದರೆ ನನ್ನ ಫೆಲೋಶಿಪ್ಪಿನ ಕೊನೆಯ ದಿನ ಯಾರಾದರೂ ಇದೇ ಪ್ರಶ್ನೆ ಕೇಳಿದ್ದರೆ ನಾನೂ ಹೀಗೇ ತಡವರಿಸುತ್ತಿದ್ದೆ.

ಎಲ್ಲ ಸರ್ಜನ್‌ಗಳಿಗೂ ಫಾಲೋಅಪ್ ಮುಖ್ಯ, ಅದರಲ್ಲಿ ಹೊಸದೇನು ಅಂತ ಕೇಳಬಹುದು. ಕಾರ್ನಿಯಾದ ವಿಷಯ ಸ್ವಲ್ಪ ಬೇರೆ. ವೈದ್ಯರಲ್ಲದವರಿಗಾಗಿ ಹೇಳುತ್ತೇನೆ: ಕಾರ್ನಿಯಾ ಅಂದರೆ ಕಣ್ಣಿನ ಕಪ್ಪು ಭಾಗದ ಮೇಲೆ ವಾಚಿನ ಗಾಜಿನ ಹಾಗೆ ಕೂತಿರುವ ಪಾರದರ್ಶಕ ಪದರ. ನಡುವೆ ಅದರ ದಪ್ಪ ಸುಮಾರು 540 ಮೈಕ್ರಾನ್. ಅರ್ಧ ಮಿಲಿಮೀಟರಿಗಿಂತ ಒಂಚೂರು ಜಾಸ್ತಿ, ಅಷ್ಟೇ. ಅದರ ಒಳಮೈಗೆ ಒಂದೇ ಒಂದು ಸಾಲು ಜೀವಕೋಶಗಳಿವೆ. ಎಂಡೋಥೀಲಿಯಂ ಅನ್ನುತ್ತೇವೆ. ಕಾರ್ನಿಯಾದೊಳಗೆ ಸೇರುವ ನೀರನ್ನು ಹಗಲೂ ರಾತ್ರಿ ಹೊರಗೆ ಹಾಕುತ್ತಾ ಇರುವುದು ಅವುಗಳ ಕೆಲಸ. ಆ ಪಂಪ್ ನಿಂತರೆ ಕಾರ್ನಿಯಾ ನೀರು ಕುಡಿದು ಊದುತ್ತದೆ, ಮಬ್ಬಾಗುತ್ತದೆ. ದೊಡ್ಡವರ ಕಣ್ಣಿನಲ್ಲಿ ಒಂದು ಚದರ ಮಿಲಿಮೀಟರಿಗೆ ಇಂಥ ಜೀವಕೋಶ ಸುಮಾರು 2500 ಇರುತ್ತವೆ. ಸತ್ತ ಜಾಗದಲ್ಲಿ ಹೊಸವು ಹುಟ್ಟಿಕೊಳ್ಳುವುದಿಲ್ಲ. ಅಕ್ಕಪಕ್ಕದವು ಹಿಗ್ಗಿ ಜಾಗ ಮುಚ್ಚುತ್ತವೆ.

ಈಗ ಫೆಲೋ ಕೈ ಒಂಚೂರು ಒರಟಾಯಿತು ಅಂದುಕೊಳ್ಳಿ. ಒಂದಿಷ್ಟು ಜೀವಕೋಶ ಹೋದವು. ಮರುದಿನ ಬ್ಯಾಂಡೇಜ್ ಬಿಚ್ಚಿದಾಗ ಗೊತ್ತಾಗುವುದಿಲ್ಲ. ಕಣ್ಣು ಫಳಫಳ ಅನ್ನುತ್ತಿರುತ್ತದೆ, ರೋಗಿ ಕೈ ಮುಗಿಯುತ್ತಾರೆ, ಲಾಗ್‌ಬುಕ್‌ಗೆ ಸಹಿ ಬೀಳುತ್ತದೆ. ಮೂರು ವರ್ಷಕ್ಕೋ ಐದು ವರ್ಷಕ್ಕೋ ಆ ಕಣ್ಣು ನಿಧಾನವಾಗಿ ಮಬ್ಬಾಗಲು ಶುರುವಾದಾಗ ಆ ಫೆಲೋ ಇನ್ನೆಲ್ಲೋ ಕನ್ಸಲ್ಟೆಂಟ್ ಆಗಿ, ತಾನೇ ನಾಲ್ಕು ಜನ ಫೆಲೋಗಳಿಗೆ ಕಲಿಸುತ್ತಿರುತ್ತಾರೆ. ಅದೇ ಕೈಯಿಂದ, ಅದೇ ರೀತಿಯಲ್ಲಿ.

ಈ ವಿದ್ಯೆಯ ಚರಿತ್ರೆಯಲ್ಲೂ ಇದೇ ಕಥೆ ಮೂರು ಸಲ ಆಗಿದೆ. ಜಪಾನಿನ ತ್ಸುಟೊಮು ಸಾಟೊ ಕನ್ನಡಕದ ಪವರ್ ಇಳಿಸಲು ಕಾರ್ನಿಯಾಕ್ಕೆ ಒಳಗಡೆಯಿಂದಲೂ ಗೀರು ಹಾಕುತ್ತಿದ್ದರು. ಆಗ ಎಂಡೋಥೀಲಿಯಂ ಎಷ್ಟು ಮುಖ್ಯ ಅಂತ ಸರಿಯಾಗಿ ಗೊತ್ತಿರಲಿಲ್ಲ. ಮೊದಮೊದಲು ಫಲಿತಾಂಶ ಚೆನ್ನಾಗಿಯೇ ಕಂಡಿತು. ದಶಕಗಳು ಕಳೆದ ಮೇಲೆ ಆ ಕಣ್ಣುಗಳು ಒಂದೊಂದಾಗಿ ಊದಿಕೊಂಡು ಬಂದವು. ಆಮೇಲೆ 1970ರ ದಶಕದಲ್ಲಿ ಸೋವಿಯತ್ ರಷ್ಯಾದ ಫ್ಯೊಡೊರೊವ್ ರೇಡಿಯಲ್ ಕೆರಟಾಟಮಿಯನ್ನು ಜನಪ್ರಿಯ ಮಾಡಿದರು. ಗೀರು ಈ ಸಲ ಹೊರಗಡೆಯಿಂದ ಮಾತ್ರ, ಚಕ್ರದ ಅರೆಗಳ ಹಾಗೆ. ಇದನ್ನು ಹತ್ತು ವರ್ಷ ಬಿಡದೆ ಗಮನಿಸಿದ ಪರ್ಕ್ ಅಧ್ಯಯನ 1994ರಲ್ಲಿ ಹೇಳಿದ್ದೇನು? ನೂರಕ್ಕೆ 43 ಕಣ್ಣುಗಳು ಒಂದು ಡಯಾಪ್ಟರ್ (ಕನ್ನಡಕದ ಪವರಿನ ಅಳತೆ) ಅಥವಾ ಅದಕ್ಕಿಂತ ಜಾಸ್ತಿ ಪ್ಲಸ್ ಕಡೆಗೆ ಜಾರಿದ್ದವು. ಕನ್ನಡಕ ಬಿಡಿಸಲು ಹೋದವರಿಗೆ ಇನ್ನೊಂದು ಬಗೆಯ ಕನ್ನಡಕ ಬಂತು. ಮೂರನೆಯದು ನಮ್ಮ ಲೇಸಿಕ್. ಎಕ್ಸೈಮರ್ ಲೇಸರಿನಿಂದ ಕಾರ್ನಿಯಾವನ್ನು ಅಷ್ಟು ನಯವಾಗಿ ಕೆತ್ತಬಹುದು ಅಂತ ಟ್ರೋಕೆಲ್ ಮತ್ತು ಶ್ರೀನಿವಾಸನ್ ತೋರಿಸಿದ್ದು 1983ರಲ್ಲಿ. ಪಲ್ಲಿಕಾರಿಸ್ ಅದಕ್ಕೆ ಫ್ಲ್ಯಾಪ್ (ಲೇಸರ್ ಹಾಕುವಾಗ ಮುಚ್ಚಳದ ಹಾಗೆ ಎತ್ತುವ ಮೇಲ್ಪದರ) ಜೋಡಿಸಿದ್ದು 1990ರ ಹೊತ್ತಿಗೆ. ತೆಳುವಾದ ಕಾರ್ನಿಯಾ ಆಮೇಲೆ ಉಬ್ಬಿ ಮುಂದಕ್ಕೆ ಬರಬಹುದು, ಅಂದರೆ ಎಕ್ಟೇಸಿಯಾ ಆಗಬಹುದು ಅಂತ ಥಿಯೋ ಸೈಲರ್ ವರದಿ ಮಾಡಿದ್ದು 1998ರಲ್ಲಿ. ಅಷ್ಟರಲ್ಲಿ ಎಷ್ಟು ಕಣ್ಣಿಗೆ ಲೇಸಿಕ್ ಮಾಡಿ ಮುಗಿದಿತ್ತೋ.

ಇವರು ಯಾರೂ ಕೆಟ್ಟವರಲ್ಲ, ಕೈ ಕೆಟ್ಟವರೂ ಅಲ್ಲ. ಆ ಕಾಲದ ಅತಿ ಜಾಣ ಸರ್ಜನ್‌ಗಳು. ಅವರ ಲಾಗ್‌ಬುಕ್ ಕೂಡ ಚೆನ್ನಾಗಿಯೇ ಇದ್ದಿರಬೇಕು, ಅಲ್ವಾ?

ಇನ್ನು ನನ್ನದೇ ಒಂದು ಕೇಸ್ ಹೇಳುತ್ತೇನೆ. ಪೂರ್ತಿ ದಪ್ಪದ ಕಸಿಯಲ್ಲಿ ರೋಗಿಯ ಕಾರ್ನಿಯಾದ ನಡುವಿನ ಬಿಲ್ಲೆಯನ್ನು ದುಂಡಗೆ ಕತ್ತರಿಸಿ ತೆಗೆಯುತ್ತೇವೆ, ಸುಮಾರು ಏಳೂವರೆ ಮಿಲಿಮೀಟರ್ ಅಗಲ. ತೆಗೆದ ಕ್ಷಣದಲ್ಲಿ ಕಣ್ಣು ಪೂರ್ತಿ ತೆರೆದಿರುತ್ತದೆ. ಮೈಕ್ರೋಸ್ಕೋಪಿನಲ್ಲಿ ಕಣ್ಣಿನ ಒಳಗಿನದೆಲ್ಲ ನೇರ ಕಾಣುತ್ತದೆ, ಮೇಲೆ ಏನೂ ಇಲ್ಲ. ರೋಗಿ ಒಮ್ಮೆ ಜೋರಾಗಿ ಕೆಮ್ಮಿದರೆ ಮುಗಿಯಿತು. ಮೊದಲ ಸಲ ಅದನ್ನು ನೋಡಿದವರಿಗೆ ಉಸಿರು ನಿಂತ ಹಾಗಾಗುತ್ತದೆ. ಆಗ ದಾನಿಯ ಬಿಲ್ಲೆಯನ್ನು ಇಟ್ಟು ಹೊಲಿಯಬೇಕು. ದಾರ 10-0 ನೈಲಾನ್, ತಲೆಕೂದಲಿಗಿಂತ ಸಣ್ಣದು. ಹದಿನಾರು ಹೊಲಿಗೆ. ಮೊದಲನೆಯದನ್ನು ಯಾರು ಬೇಕಾದರೂ ಹಾಕುತ್ತಾರೆ. ಎರಡನೆಯದು, ಮೊದಲನೆಯದರ ಸರಿಯಾಗಿ ಎದುರಿಗೆ ಬೀಳಬೇಕಾದದ್ದು, ಅದರ ಮೇಲೆ ಉಳಿದದ್ದೆಲ್ಲ ನಿಂತಿದೆ. ನನ್ನ ಗುರುಗಳು ಆ ಎರಡನೇ ಹೊಲಿಗೆಯನ್ನು ಮೂರು ಸಲ ಬಿಚ್ಚಿಸಿದ್ದರು. ಬೈಯಲಿಲ್ಲ. "ಮತ್ತೆ" ಅಂದರು, ಅಷ್ಟೇ. ನಾಲ್ಕನೇ ಸಲಕ್ಕೆ ಸುಮ್ಮನಿದ್ದರು.

ಅದಾಗಿ ಒಂಬತ್ತು ತಿಂಗಳಿಗೆ, ನಾನು ಇನ್ನೇನು ಬ್ಯಾಗ್ ಕಟ್ಟಬೇಕು ಅನ್ನುವಾಗ, ಆ ರೋಗಿ ಅಕಸ್ಮಾತ್ ನನ್ನ ಸ್ಲಿಟ್ ಲ್ಯಾಂಪ್ (ಕಣ್ಣು ನೋಡುವ ಮೈಕ್ರೋಸ್ಕೋಪ್) ಮುಂದೆ ಬಂದು ಕೂತರು. ಬೇರೆ ಡಾಕ್ಟರ್ ಕ್ಲಿನಿಕ್‌ನಲ್ಲಿ ಜನ ಜಾಸ್ತಿ ಇದ್ದರು ಅಂತ ಈ ಕಡೆಗೆ ಕಳಿಸಿದ್ದರು. ಇಲ್ಲದಿದ್ದರೆ ನಾನು ನೋಡುತ್ತಲೇ ಇರಲಿಲ್ಲ. ಗ್ರಾಫ್ಟ್ ಗಾಜಿನ ಹಾಗೆ ತಿಳಿಯಾಗಿತ್ತು. ನಾನು ಒಳಗೊಳಗೇ ಬೀಗಿದೆ. ಆಮೇಲೆ ಚಾರ್ಟ್ ಓದಿಸಿದರೆ ಮೇಲಿನ ಎರಡು ಸಾಲು ಬಿಟ್ಟು ಮುಂದೆ ಹೋಗುತ್ತಿಲ್ಲ. ಟೋಪೋಗ್ರಫಿ, ಅಂದರೆ ಕಾರ್ನಿಯಾದ ಬಾಗು ತೋರಿಸುವ ಮ್ಯಾಪ್, ತೆಗೆಸಿದೆ. ಏಳು ಡಯಾಪ್ಟರ್ ಸಿಲಿಂಡರ್, ಅಂದರೆ ಕಾರ್ನಿಯಾ ಎಲ್ಲ ಕಡೆ ಒಂದೇ ಸಮ ಬಾಗಿಲ್ಲ. ಒಂದು ಕಡೆಯ ಎರಡು ಹೊಲಿಗೆ ಕಾರ್ನಿಯಾವನ್ನು ಹಗ್ಗ ಬಿಗಿದ ಹಾಗೆ ಎಳೆದು ಹಿಡಿದಿದ್ದವು. ತಿಳಿಯಾದ ಗ್ರಾಫ್ಟ್, ಆದರೆ ಕಾಣುತ್ತಿಲ್ಲ. ಮನೆಯವರು ಒಂಬತ್ತು ತಿಂಗಳಿಂದ ಆ ಮನುಷ್ಯನಿಗೆ "ಆಪರೇಷನ್ ಚೆನ್ನಾಗಿ ಆಗಿದೆ ಅಂದಿದ್ದಾರೆ, ನೀನೇ ಸುಮ್ನೆ ಕಾಣಲ್ಲ ಅಂತೀಯ" ಅಂತ ಹೇಳುತ್ತಿದ್ದರಂತೆ.

ಸ್ಲಿಟ್ ಲ್ಯಾಂಪಿನಲ್ಲೇ ಆ ಎರಡು ಹೊಲಿಗೆ ತೆಗೆದೆ. ಸೂಜಿಯ ತುದಿಯಿಂದ ದಾರ ಕಡಿದು, ಫೋರ್ಸೆಪ್ಸ್‌ನಿಂದ ಎಳೆಯುವುದು. ಒಂದು ನಿಮಿಷದ ಕೆಲಸ. ಕೆಲವು ವಾರ ಬಿಟ್ಟು ನೋಡಿದರೆ ಸಿಲಿಂಡರ್ ಅರ್ಧಕ್ಕರ್ಧ ಇಳಿದಿತ್ತು. ಆ ಒಂದು ನಿಮಿಷ ನನಗೆ ಇಡೀ ವರ್ಷದ ಹೊಲಿಗೆಗಿಂತ ಜಾಸ್ತಿ ಕಲಿಸಿತು. ಬಿಗಿ ಅಂದರೆ ಎಷ್ಟು ಬಿಗಿ ಅನ್ನುವುದು ಕೈಗೆ ಗೊತ್ತಾಗುವುದು ಹೊಲಿಯುವಾಗ ಅಲ್ಲ, ತಿಂಗಳುಗಳ ನಂತರ ಬಿಚ್ಚುವಾಗ. ಲಾಗ್‌ಬುಕ್‌ನಲ್ಲಿ ಈ ಹೊಲಿಗೆ ತೆಗೆದದ್ದಕ್ಕೆ ಜಾಗವೇ ಇರಲಿಲ್ಲ. ಈಗಲೂ ಬಹಳ ಕಡೆ ಇಲ್ಲ.

ಡಿಮೆಕ್ ಕಥೆಯೂ ಇದೇ. ಇಲ್ಲಿ ಇಡೀ ಕಾರ್ನಿಯಾ ಬದಲಿಸುವುದಿಲ್ಲ. ದಾನಿಯ ಕಾರ್ನಿಯಾದ ಒಳಮೈಯ ಪೊರೆ ಮಾತ್ರ ಸುಲಿದು ಹಾಕುತ್ತೇವೆ. ದಪ್ಪ ಹತ್ತು ಹದಿನೈದು ಮೈಕ್ರಾನ್. ಮೆಲ್ಲೆಸ್ 2006ರಲ್ಲಿ ವಿವರಿಸಿದ ವಿದ್ಯೆ. ಆ ಪೊರೆ ನೀರಿಗೆ ಬಿದ್ದೊಡನೆ ಸುರುಳಿ ಸುತ್ತಿಕೊಳ್ಳುತ್ತದೆ. ಕಾಣಲಿ ಅಂತ ಟ್ರಿಪಾನ್ ಬ್ಲೂ ಹಾಕಿ ನೀಲಿ ಮಾಡಿ, ಸಣ್ಣ ತೂತಿನಿಂದ ಕಣ್ಣೊಳಗೆ ಬಿಟ್ಟು, ಹೊರಗಿನಿಂದ ಕಾರ್ನಿಯಾವನ್ನು ಮೆತ್ತಗೆ ತಟ್ಟಿ ತಟ್ಟಿ ಬಿಚ್ಚಿಸಬೇಕು. ಮುಟ್ಟುವ ಹಾಗಿಲ್ಲ. ದಾನಿಯ ವಯಸ್ಸು ಕಡಿಮೆ ಇದ್ದಷ್ಟೂ ಸುರುಳಿ ಬಿಗಿ. ಬಿಚ್ಚಿಕೊಂಡ ಮೇಲೆ ತಲೆಕೆಳಗಾಗಿಲ್ಲ ತಾನೇ ಅಂತ ಖಾತ್ರಿ ಮಾಡಿಕೊಂಡು, ಕೆಳಗೆ ಗಾಳಿಯ ಗುಳ್ಳೆ ಬಿಟ್ಟು ಮೇಲಕ್ಕೆ ಅಂಟಿಸಿ, ರೋಗಿಯನ್ನು ಅಂಗಾತ ಮಲಗಿಸುತ್ತೇವೆ. ತಲೆಕೆಳಗಾಗಿ ಅಂಟಿಸಿದರೂ ಆ ದಿನ ಎಲ್ಲವೂ ಸರಿಯಾಗಿಯೇ ಕಾಣುತ್ತದೆ ಅನ್ನುವುದು ಇದರ ತಮಾಷೆ. ಕಾರ್ನಿಯಾ ತಿಳಿಯಾಗದೇ ಇದ್ದಾಗ ಗೊತ್ತಾಗುತ್ತದೆ. ಅಂಚು ಬಿಟ್ಟುಕೊಂಡರೆ ಮತ್ತೆ ಗಾಳಿ ತುಂಬಬೇಕು. ರೀಬಬಲ್. ನಿಮ್ಮಲ್ಲಿ ಎಷ್ಟು ಫೆಲೋಗಳು ತಾವು ಮಾಡಿದ ಡಿಮೆಕ್‌ಗೆ ತಾವೇ ರೀಬಬಲ್ ಮಾಡಿದ್ದಾರೆ? ಡಿಮೆಕ್ ಸಂಖ್ಯೆ ಕೇಳಿದರೆ ಎಲ್ಲರೂ ಥಟ್ಟನೆ ಹೇಳುತ್ತಾರೆ. ರೀಬಬಲ್ ಸಂಖ್ಯೆ ಕೇಳಿ ನೋಡಿ.

ಈಗ ಮೊದಲನೇ ಕಾಲಂಗೆ ಬರುತ್ತೇನೆ. "ಬೇಡ ಅಂದಿದ್ದು."

ಲೇಸರ್ ಅನ್ನುವುದು ನೋಡುವವರಿಗೆ ದೊಡ್ಡ ಸರ್ಜರಿ, ಮಾಡುವವರಿಗೆ ಕಾಲಡಿಯ ಪೆಡಲ್. ಮೆಷಿನ್ ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಗಿಸುತ್ತದೆ. ಹಾಗಂತ ಕೈಚಳಕ ಬೇಡ ಅಂತಲ್ಲ. ಸ್ಮೈಲ್ ಮಾಡುವಾಗ ಮಧ್ಯದಲ್ಲಿ ಕಣ್ಣನ್ನು ಹಿಡಿದಿಡುವ ಸಕ್ಷನ್ ಬಿಟ್ಟುಹೋದರೆ ಏನು ಮಾಡಬೇಕು, ಹೊರತೆಗೆಯಬೇಕಾದ ತೆಳು ಬಿಲ್ಲೆ (ಲೆಂಟಿಕ್ಯೂಲ್) ಹರಿದರೆ ಚೂರನ್ನು ಹೇಗೆ ಹುಡುಕಬೇಕು, ಇವೆಲ್ಲ ಕಲಿಯಬೇಕಾದದ್ದೇ. ಆದರೆ ರಿಫ್ರ್ಯಾಕ್ಟಿವ್ ಸರ್ಜನ್ ತಯಾರಾಗುವುದು ಲೇಸರ್ ರೂಮಿನಲ್ಲಿ ಅಲ್ಲ, ಅದಕ್ಕೆ ಮುಂಚೆ ಮ್ಯಾಪ್ ಹಿಡಿದುಕೊಂಡು ಕೂರುವ ಕುರ್ಚಿಯಲ್ಲಿ.

ಲೆಕ್ಕ ಸುಲಭ. ಆರು ಮಿಲಿಮೀಟರ್ ಅಗಲಕ್ಕೆ ಒಂದು ಡಯಾಪ್ಟರ್ ಇಳಿಸಲು ಸುಮಾರು 12 ಮೈಕ್ರಾನ್ ಕೆತ್ತಬೇಕು. ಮನ್ನರ್ಲಿನ್ ಸೂತ್ರ, ಎಲ್ಲ ಫೆಲೋಗಳಿಗೂ ಬಾಯಿಪಾಠ. ಒಬ್ಬರಿಗೆ 490 ಮೈಕ್ರಾನ್ ದಪ್ಪ, ಮೈನಸ್ 9 ಪವರ್ ಅಂದುಕೊಳ್ಳಿ. ಫ್ಲ್ಯಾಪ್‌ಗೆ 110, ಲೇಸರ್‌ಗೆ 108. ಉಳಿದದ್ದು 272. ಕನಿಷ್ಠ 250 ಉಳಿಯಬೇಕು ಅನ್ನುವ ಹಳೆಯ ನಿಯಮದ ಪ್ರಕಾರ ಪಾಸ್. ಆದರೆ ಒಟ್ಟು ದಪ್ಪದಲ್ಲಿ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಕದಡಬೇಡಿ ಅನ್ನುವ ಇತ್ತೀಚಿನ ಲೆಕ್ಕದಲ್ಲಿ ಅದೇ ಕಣ್ಣು ಫೇಲ್, ಏಕೆಂದರೆ ಫ್ಲ್ಯಾಪ್, ಲೇಸರ್ ಎರಡೂ ಸೇರಿ 490ರಲ್ಲಿ 218 ಅಂದರೆ ನೂರಕ್ಕೆ 44 ದಾಟಿತು. ಒಂದೇ ಕಣ್ಣು, ಎರಡು ನಿಯಮ, ಎರಡು ಉತ್ತರ. ಇದರ ಜೊತೆಗೆ ವಯಸ್ಸು, ಕಣ್ಣು ಉಜ್ಜುವ ಅಭ್ಯಾಸ, ಮನೆಯಲ್ಲಿ ಯಾರಿಗಾದರೂ ಕೆರಟೋಕೋನಸ್ (ಕಾರ್ನಿಯಾ ತಾನಾಗಿ ತೆಳುವಾಗಿ ಉಬ್ಬುವ ಕಾಯಿಲೆ) ಇದೆಯಾ ಅನ್ನುವುದು. ಫೆಲೋ ಇಂಥ ಕಣ್ಣಿನ ಮುಂದೆ ಕೂತು, ತಾನೇ ತೀರ್ಮಾನ ಮಾಡಿ, ಅದಕ್ಕೆ ಕಾರಣ ಬರೆದಿಡಬೇಕು. ಬೇರೆಯವರು ಒಪ್ಪಿ ಲೇಸರ್ ಟೇಬಲ್ ಮೇಲೆ ಮಲಗಿಸಿದ ಕಣ್ಣುಗಳನ್ನೇ ನೂರು ಮಾಡಿದರೆ ಪೆಡಲ್ ಒತ್ತುವುದು ಬರುತ್ತದೆ, ಇದು ಬರುವುದಿಲ್ಲ.

ನನಗೆ ಇದರ ಬಗ್ಗೆ ಒಂದು ಹಳೆಯ ನೋವಿದೆ. ಹೆಸರು ಬೇಡ. ನಾನು ಕೆಲಸ ಮಾಡಿದ ಒಂದು ಜಾಗದಲ್ಲಿ ಡಾಕ್ಟರ್ ನೋಡುವ ಮೊದಲೇ ಕೌನ್ಸೆಲರ್ ಲೇಸರ್ ದಿನಾಂಕ ಕೊಟ್ಟುಬಿಡುತ್ತಿದ್ದರು. ರೋಗಿ ರಜೆ ಹಾಕಿ, ಮನೆಯವರನ್ನು ಕರೆದುಕೊಂಡು, ಕನ್ನಡಕ ಬಿಡುವ ಸಂಭ್ರಮದಲ್ಲಿ ಬಂದು ಕೂತಿರುತ್ತಾರೆ. ಆಗ ನಾನು, ಮೂರು ತಿಂಗಳ ಅನುಭವದ ಫೆಲೋ, ಮ್ಯಾಪ್ ನೋಡಿ "ಇದು ಬೇಡ" ಅನ್ನಬೇಕು. ಹೊರಗೆ ಬಂದರೆ ಮ್ಯಾನೇಜರ್ ಮುಖ ಗಂಟು. ಒಂದು ಸಲ "ನೀವು ಬಂದ ಮೇಲೆ ಕ್ಯಾನ್ಸಲ್ ಜಾಸ್ತಿ ಆಗ್ತಿವೆ" ಅಂತಲೂ ಕೇಳಿಸಿಕೊಂಡೆ. ಆ ವರ್ಷ ನನ್ನ ಲಾಗ್‌ಬುಕ್‌ನಲ್ಲಿ ಲೇಸಿಕ್ ಸಂಖ್ಯೆ ಜೊತೆಯವರಿಗಿಂತ ಕಡಿಮೆ. ಬೇಡ ಅಂದ ಕಣ್ಣುಗಳು ಎಲ್ಲೂ ದಾಖಲಾಗಲಿಲ್ಲ. ಕಾಗದದ ಮೇಲೆ ನಾನು ಸೋಮಾರಿ ಫೆಲೋ.

ಬೇಡ ಅಂದದ್ದೆಲ್ಲ ಸರಿಯಾಗಿತ್ತು ಅಂತ ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. 23 ವರ್ಷದ ಒಬ್ಬರಿಗೆ ಬೇಡ ಅಂದಿದ್ದೆ. 490 ದಪ್ಪ, ಮೈನಸ್ 7. ಎರಡೂ ಲೆಕ್ಕದಲ್ಲಿ ಪಾಸ್, ಎರಡನೆಯದರಲ್ಲಿ ಕೂದಲೆಳೆ ಅಂತರ. ಆದರೆ ಮ್ಯಾಪಿನಲ್ಲಿ ಕಾರ್ನಿಯಾದ ಕೆಳಭಾಗ ಯಾಕೋ ಒಂಚೂರು ಹೆಚ್ಚು ಬಾಗಿದ ಹಾಗಿತ್ತು, ಮತ್ತೆ ಮಾತಾಡುವಾಗ ಆ ಹುಡುಗಿ ಎರಡು ಸಲ ಕಣ್ಣು ಉಜ್ಜಿಕೊಂಡರು. ಬೇಡ ಅಂದೆ. ಬಹಳ ಬೇಜಾರಾಯಿತು ಅವರಿಗೆ. ಬೇರೆ ಕಡೆ ಹೋಗಿ ಲೇಸರ್ ಮಾಡಿಸಿಕೊಂಡರು. ಎಂಟು ವರ್ಷ ಆಯಿತು, ಕಣ್ಣು ಚೆನ್ನಾಗಿಯೇ ಇದೆ. ಪರಿಚಯದವರ ಮೂಲಕ ಆಗಾಗ ಸುದ್ದಿ ಬರುತ್ತದೆ. ನಾನು ಮಾಡಿದ್ದು ತಪ್ಪಾ? ಇವತ್ತು ಅದೇ ಮ್ಯಾಪ್ ನನ್ನ ಮುಂದಿಟ್ಟರೆ ಬಹುಶಃ ಮತ್ತೆ ಬೇಡ ಅಂತಲೇ ಅನ್ನುತ್ತೇನೆ, ಆದರೆ ಆಗಿನಷ್ಟು ಗಟ್ಟಿ ದನಿಯಲ್ಲಿ ಅನ್ನುವುದಿಲ್ಲ. ಹೀಗೆ ಯೋಚನೆ ಮಾಡುವುದನ್ನು ಫೆಲೋಶಿಪ್ ಕಲಿಸಬೇಕು. ಬರೆದಿಡದೆ ಅದನ್ನು ಕಲಿಸುವುದು ಹೇಗೆ?

ಇನ್ನೊಂದು ಮಾತು. ಫೆಲೋಶಿಪ್ ಹೆಸರಿನಲ್ಲಿ ಕಾರ್ನಿಯಾ ಮತ್ತು ರಿಫ್ರ್ಯಾಕ್ಟಿವ್ ಎರಡೂ ಇರುತ್ತವೆ. ಒಳಗೆ ಹೋಗಿ ನೋಡಿದರೆ ಎಷ್ಟೋ ಕಡೆ ಒಂದು ಮಾತ್ರ ಇರುತ್ತದೆ. ಲೇಸರ್ ಕಲಿತವರು ಹುಣ್ಣು ನೋಡಿರುವುದಿಲ್ಲ. ಹುಣ್ಣು ನೋಡಿದವರಿಗೆ ಲೇಸರ್ ಮುಟ್ಟಲು ಸಿಕ್ಕಿರುವುದಿಲ್ಲ. ಕಾರ್ನಿಯಾದ ಹುಣ್ಣಿನ ಕ್ಲಿನಿಕ್ ಯಾರಿಗೂ ಇಷ್ಟವಿಲ್ಲ. ಕೆರೆದು, ಸ್ಲೈಡ್ ಮಾಡಿ, ಫಂಗಸ್ಸಾ ಬ್ಯಾಕ್ಟೀರಿಯಾನಾ ಅಂತ ತಾನೇ ಮೈಕ್ರೋಸ್ಕೋಪಿನಲ್ಲಿ ನೋಡಿ, ಗಂಟೆಗೊಂದು ಸಲ ಡ್ರಾಪ್ಸ್ ಹಾಕಿಸಿ, ದಿನಾ ಅಳತೆ ಬರೆದು, ವಾರಗಟ್ಟಲೆ ಕಾಯಬೇಕು. ಲಾಗ್‌ಬುಕ್‌ಗೆ ಒಂದು ಸಾಲೂ ಸಿಗುವುದಿಲ್ಲ. ಆದರೆ ಫಂಗಸ್ ಹುಣ್ಣಿಗೆ ಹೊಸ ಔಷಧಿ ವೊರಿಕೊನಜೋಲ್‌ಗಿಂತ ಹಳೆಯ ನಟಮೈಸಿನ್ನೇ ವಾಸಿ, ಅದರಲ್ಲೂ ಫ್ಯುಸೇರಿಯಂ ಅನ್ನುವ ಫಂಗಸ್ ಆಗಿದ್ದರೆ, ಅಂತ 2013ರ ಮಟ್ ಅಧ್ಯಯನದಿಂದ ಗೊತ್ತಾದದ್ದು ಹೀಗೆ ಕಾದು ನೋಡಿದವರಿಂದಲೇ. ತಾನು ಲೇಸಿಕ್ ಮಾಡಿದ ಕಣ್ಣಿನ ಫ್ಲ್ಯಾಪ್ ಕೆಳಗೆ ಒಂದು ಬಿಳಿ ಚುಕ್ಕೆ ಕಂಡ ದಿನ ಏನು ಮಾಡಬೇಕು ಅಂತ ಗೊತ್ತಿಲ್ಲದವರ ಕೈಗೆ ಲೇಸರ್ ಕೊಡಬಾರದು. ನನಗೆ ಇದರಲ್ಲಿ ಅನುಮಾನ ಇಲ್ಲ.

ದಾನಿಗಳ ವಿಷಯ ಹೇಳದೆ ಹೋದರೆ ಪತ್ರ ಪೂರ್ತಿ ಆಗುವುದಿಲ್ಲ. 2016ರಲ್ಲಿ ಪ್ರಕಟವಾದ ಒಂದು ಜಾಗತಿಕ ಸಮೀಕ್ಷೆ ಪ್ರಕಾರ ಕಾರ್ನಿಯಾ ಬೇಕಾದ 70 ಜನರಿಗೆ ಆಗ ಸಿಗುತ್ತಿದ್ದದ್ದು ಒಂದು. ಕಾಯುತ್ತಿದ್ದವರು ಸುಮಾರು 1 ಕೋಟಿ 27 ಲಕ್ಷ. ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಡಿಮೆಕ್ ಪೊರೆ ಸುಲಿಯುವಾಗ ಹರಿದುಹೋದದ್ದನ್ನು ನೆನಪಿಸಿಕೊಳ್ಳಿ. ನಾನೂ ಹರಿದಿದ್ದೇನೆ. ಯಾರೋ ಸತ್ತ ರಾತ್ರಿ ಅವರ ಮನೆಯವರು ಅಳುತ್ತಲೇ ಸಹಿ ಹಾಕಿ ಕೊಟ್ಟದ್ದು ಅದು. ಕಸಿಗೆ ಬಾರದ ಕಾರ್ನಿಯಾಗಳ ಮೇಲೆ ವೆಟ್ ಲ್ಯಾಬ್‌ನಲ್ಲಿ ಸಾಕಷ್ಟು ಸುಲಿದು, ಗುರುಗಳು ನೋಡಿ ಸರಿ ಅಂದ ಮೇಲೆ ಮಾತ್ರ ಒಳ್ಳೆಯ ಟಿಶ್ಯೂ ಕೈಗೆ ಕೊಡಿ. ಹಾಗೆಯೇ ಪ್ರತಿ ಫೆಲೋ ಎರಡು ವಾರವಾದರೂ ಐ ಬ್ಯಾಂಕಿನಲ್ಲಿ ಕೆಲಸ ಮಾಡಲಿ. ರಾತ್ರಿ ಬರುವ ಫೋನ್ ಎತ್ತಲಿ. ಆಮೇಲೆ ಅವರ ಕೈ ತಾನಾಗಿ ಮೆತ್ತಗಾಗುತ್ತದೆ, ನಾನು ನೋಡಿದ್ದೇನೆ.

ನೀವು ಹೇಳುವ ಮಾತು ನನಗೆ ಈಗಲೇ ಕೇಳಿಸುತ್ತಿದೆ. "ಫೆಲೋ ಇರುವುದೇ ಒಂದೋ ಎರಡೋ ವರ್ಷ. ಒಂದು ವರ್ಷದ ಫಾಲೋಅಪ್ ಎಲ್ಲಿಂದ ತರೋಣ?" ಸರಿಯಾದ ಪ್ರಶ್ನೆ. ನಾವು ನಮ್ಮಲ್ಲಿ ಮಾಡುತ್ತಿರುವುದು ಇಷ್ಟು. ಮೊದಲ ಮೂರು ತಿಂಗಳಲ್ಲಿ ಫೆಲೋ ಕೈ ಹಾಕಿದ ಪ್ರತಿ ಕಸಿಯೂ ಕೊನೆಯವರೆಗೆ ಅವರ ಕ್ಲಿನಿಕ್‌ಗೇ ಬರುತ್ತದೆ, ಪೋಸ್ಟಿಂಗ್ ಎಲ್ಲೇ ಇರಲಿ. ಹೊಲಿಗೆ ತೆಗೆಯುವುದು, ಪವರ್ ನೋಡುವುದು, ರಿಜೆಕ್ಷನ್ (ದೇಹ ಕಸಿಯನ್ನು ಒಪ್ಪದಿರುವುದು) ಶುರುವಾದರೆ ಮೊದಲು ಗುರುತಿಸುವುದು, ಎಲ್ಲ ಅವರದೇ. ಉಳಿದ ಕೇಸ್‌ಗಳನ್ನು ಮುಂದಿನ ಫೆಲೋಗೆ ಹೆಸರು ಹೇಳಿ ಒಪ್ಪಿಸುತ್ತಾರೆ. ಮುಂದಿನ ಫೆಲೋ ವರ್ಷದ ಕೊನೆಗೆ ಹಿಂದಿನ ಫೆಲೋಗೆ ಒಂದು ಹಾಳೆ ಕಳಿಸಬೇಕು: ಯಾವ ಗ್ರಾಫ್ಟ್ ತಿಳಿಯಾಗಿದೆ, ಯಾವುದು ಹೋಯಿತು, ಸಿಲಿಂಡರ್ ಎಷ್ಟು, ಜೀವಕೋಶ ಎಷ್ಟು ಉಳಿದಿವೆ, ಲೇಸರ್ ಕಣ್ಣಿನ ಪವರ್ ನಿಂತಿದೆಯಾ, ಡ್ರೈನೆಸ್ ಇದೆಯಾ. ರೋಗಿಯ ಹೆಸರಿಲ್ಲ, ಕೇಸ್ ಸಂಖ್ಯೆ ಮಾತ್ರ. ಎಲ್ಲರೂ ಮತ್ತೆ ಬರುವುದಿಲ್ಲ, ಅರ್ಧ ಜನ ಬಂದರೂ ಸಾಕಷ್ಟು ಗೊತ್ತಾಗುತ್ತದೆ. ಮೊದಲ ವರ್ಷ ಆ ಹಾಳೆ ಕೈಗೆ ಬಂದಾಗ ಒಬ್ಬ ಹಳೆಯ ಫೆಲೋ ನನಗೆ ಫೋನ್ ಮಾಡಿ ಐದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ "ಹನ್ನೆರಡನೇ ಕೇಸ್ ವಿಡಿಯೋ ಇದ್ದರೆ ಕಳಿಸ್ತೀರಾ?" ಅಂದರು.

ಇನ್ನೊಂದು ಆಕ್ಷೇಪವೂ ಬಂದಿದೆ. "ಇದರಿಂದ ಫೆಲೋಗಳ ಆತ್ಮವಿಶ್ವಾಸ ಕುಗ್ಗುತ್ತದೆ." ಒಂಚೂರು ಕುಗ್ಗಲಿ ಬಿಡಿ. 1905ರ ಡಿಸೆಂಬರ್ 7ರಂದು ಎಡುವರ್ಡ್ ಜಿರ್ಮ್ ಅನ್ನುವ ಕಣ್ಣಿನ ಡಾಕ್ಟರ್ ಈಗಿನ ಚೆಕ್ ದೇಶದ ಒಲೋಮೋಟ್ಸ್ ಊರಿನಲ್ಲಿ ಮನುಷ್ಯರ ಕಣ್ಣಿಗೆ ಮೊದಲ ಯಶಸ್ವಿ ಕಾರ್ನಿಯಾ ಕಸಿ ಮಾಡಿದರು. ರೋಗಿ, ಸುಣ್ಣ ಬಿದ್ದು ಎರಡೂ ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದ ಒಬ್ಬ ಕೂಲಿಯಾಳು. ಎರಡೂ ಕಣ್ಣಿಗೆ ಕಸಿ ಮಾಡಿದ್ದರು. ಒಂದು ಕೈಕೊಟ್ಟಿತು, ಒಂದು ನಿಂತಿತು. ಜಿರ್ಮ್ ಎರಡನ್ನೂ ಬರೆದಿಟ್ಟರು. ಅದಕ್ಕೇ ನಮಗೆ ಇವತ್ತು ಆ ವಿಷಯ ಗೊತ್ತಿರುವುದು.

ಫೆಲೋಶಿಪ್‌ಗೆ ಅರ್ಜಿ ಹಾಕುತ್ತಿರುವವರು ಇದನ್ನು ಓದುತ್ತಿದ್ದರೆ ನಿಮಗೂ ಒಂದು ಮಾತು. ಇಂಟರ್‌ವ್ಯೂನಲ್ಲಿ "ಎಷ್ಟು ಕೇಸ್ ಕೊಡ್ತೀರಿ?" ಅಂತ ಕೇಳುತ್ತೀರಿ, ಕೇಳಲೇಬೇಕು. ಜೊತೆಗೆ ಹಳೆಯ ಫೆಲೋ ಒಬ್ಬರನ್ನು ಪಕ್ಕಕ್ಕೆ ಕರೆದು, ಅವರು ಮಾಡಿದ ಗ್ರಾಫ್ಟ್ ಈಗ ಹೇಗಿದೆ ಅಂತ ಕೇಳಿ. ಬೇಡ ಅಂದರೆ ಅಲ್ಲಿ ಯಾರಾದರೂ ಮುಖ ಗಂಟು ಹಾಕುತ್ತಾರಾ ಅಂತಲೂ ಕೇಳಿ. ಉತ್ತರ ಬರುವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಗಮನಿಸಿ.

ಹಿರಿಯರೇ, ನಮ್ಮ ಹಾಳೆಯ ನಮೂನೆ ಬೇಕಿದ್ದರೆ ಕಳಿಸಿಕೊಡುತ್ತೇನೆ. ಒಂದೇ ಪುಟ, ಎರಡೂ ಬದಿ. ಇದಕ್ಕಿಂತ ಚೆನ್ನಾಗಿರುವುದು ನಿಮ್ಮಲ್ಲಿ ಇದ್ದರೆ ನನಗೆ ಕಳಿಸಿ, ನಮ್ಮದನ್ನು ಹರಿದು ಹಾಕುತ್ತೇನೆ. ನನ್ನ ಹಳೆಯ ಲಾಗ್‌ಬುಕ್ ಈಗಲೂ ಕಪಾಟಿನಲ್ಲಿದೆ. ಹೋದ ವಾರ ಅದರಲ್ಲಿ ಪೆನ್ಸಿಲ್ಲಿನಿಂದ ಎರಡು ಗೆರೆ ಎಳೆದೆ. ನಾನು ಫೆಲೋ ಆಗಿದ್ದ ಆಸ್ಪತ್ರೆಗೆ ಫೋನ್ ಮಾಡಿ, ಹಳೆಯ ಫೈಲ್ ತೆಗೆಸಿ, ಇಲ್ಲಿಯವರೆಗೆ ಒಂಬತ್ತು ಸಾಲು ತುಂಬಿದ್ದೇನೆ. ಆರು ತಿಳಿಯಾಗಿವೆ. ಎರಡು ಹೋಗಿವೆ. ಒಬ್ಬರು ತೀರಿಕೊಂಡಿದ್ದಾರೆ, ಕೊನೆಯವರೆಗೂ ಪೇಪರ್ ಓದುತ್ತಿದ್ದರು ಅಂತ ಅವರ ಮಗ ಹೇಳಿದರು.

ಇಂತಿ,
ನಿಮ್ಮ ಹಳೆಯ ಫೆಲೋಗಳಲ್ಲಿ ಒಬ್ಬ